‘ಸ್ಯಾವಿ’ ಎಂಬ ಪದ ಹುಟ್ಟಿದ್ದು ಬಂದರಿನಲ್ಲಿ

ಸುಮಿತ್ರಾ ಹರಿಕಂತ್ರ ಅಂದರೆ ಕರಾವಳಿಯ ಆ ಬಂದರಿನಲ್ಲಿ ಮೀನು ಒಣಗಿಸುವ ಹೆಂಗಸರಿಗೆಲ್ಲ ಮುಂದಾಳು. ಅವಳೆದುರು ಗಂಡಸರೂ ಯೋಚಿಸಿ ಮಾತಾಡುತ್ತಿದ್ದರು...

ಅಂಥವಳ ಬಾಯಿಯೂ ಒಂದು ದಿನ ತುಂಬಿದ ಸಭೆಯಲ್ಲಿ ಕಟ್ಟಿಹೋಯಿತು.

ಮೀನು ಒಣಗಿಸುವ ಬಯಲಲ್ಲೇ ರೆಸಾರ್ಟ್ ಕಟ್ಟುತ್ತೇವೆಂದು ಕಂಪನಿಯವರು ಬಂದಿದ್ದರು. ಕನ್ನಡ ಬಂದರೂ ಅವರ ಎಲ್ಲ ಮಾತೂ ಇಂಗ್ಲಿಷಿನಲ್ಲೇ. ಊರಿನ ಸಂಜೆ ಇಂಗ್ಲಿಷ್ ಕ್ಲಾಸಿನಲ್ಲಿ ಕಲಿತ ಅಷ್ಟಿಷ್ಟನ್ನು ನಂಬಿ ಅವಳು ಎದ್ದು ಕೇಳಿದಳು.

"ಸರ್, ವೀ ಡ್ರೈ ಫಿಶ್ ಹಿಯರ್. ವೀ ಗೋ ವೇರ್?"

ಮುಂದಿನ ಸಾಲಿನಲ್ಲಿದ್ದ ಕಂಪನಿಯವರು ಗೊಳ್ಳೆಂದು ನಕ್ಕರು. ಅವರ ಅಧಿಕಾರಿಯೂ ನಗುತ್ತ, ಮುಂದಿನ ಸಭೆಗೆ ಇಂಗ್ಲಿಷ್ ಬಲ್ಲವರನ್ನು ಕಳಿಸಿ ಎಂದರು.

ಸುಮಿತ್ರಾ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಳು. ಹುಡುಕಿಕೊಂಡು ಮನೆಗೆ ಬಂದ ಕ್ಲಾಸಿನ ಬೆನಿಟಾ ಟೀಚರ್ ಹತ್ತಿರ, ಈ ಮುರುಕು ಇಂಗ್ಲಿಷ್ ಇಟ್ಟುಕೊಂಡು ಊರಿನ ಮಾನ ಕಳೆಯಲಾರೆ ಎಂದುಬಿಟ್ಟಳು.

ಟೀಚರ್ ಸಮಾಧಾನ ಹೇಳಲಿಲ್ಲ... ಒಂದು ಪದದ ಕಥೆ ಹೇಳಿದರು.

"ಇಂಗ್ಲಿಷಿನಲ್ಲಿ ‘ಸ್ಯಾವಿ’ ಅಂತ ಒಂದು ಪದ ಉಂಟು ಸುಮಿತ್ರಕ್ಕ. ಲೋಕ ಕಂಡ ಜಾಣರಿಗೆ ಹಾಗೆ ಹೇಳೂದು. ಅದು ಯಾವ ಕಾಲೇಜಲ್ಲೂ ಹುಟ್ಟಿದ್ದಲ್ಲ."

ಅದು ಬೆಳೆದದ್ದು ದೂರದ ಬಂದರುಗಳಲ್ಲಂತೆ. ನಾವಿಕರು, ಕೂಲಿಗಳು, ಗುಲಾಮರು... ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದವರು. ಸ್ಪ್ಯಾನಿಷ್, ಪೋರ್ಚುಗೀಸಿನ ‘ಸಾಬೆ’, ಅಂದರೆ ‘ಬಲ್ಲೆಯಾ’ ಎಂಬ ಮಾತು, ಅವರ ಮುರುಕು ನುಡಿಯಲ್ಲಿ ಸವೆದು ‘ಸ್ಯಾವಿ’ ಆಯಿತಂತೆ. ಇನ್ನೂ ಹಿಂದೆ, ಲ್ಯಾಟಿನ್‌ನಲ್ಲಿ, ಅದರ ಬೇರಿಗೆ ‘ರುಚಿ ನೋಡು’ ಎಂದೂ ಅರ್ಥ.

"ಆ ಮುರುಕು ಪದವನ್ನೇ ಇವತ್ತು ಕೋಟು ಹಾಕಿದವರು ಹೆಮ್ಮೆಯಿಂದ ಬಯೋಡೇಟಾದಲ್ಲಿ ಬರ್ಕೊಳ್ತಾರೆ," ಎಂದರು ಟೀಚರ್.

ಮರುದಿನ ಸಂಜೆ ಸುಮಿತ್ರಾ ಮತ್ತೆ ಕ್ಲಾಸಿಗೆ ಹೋದಳು.

ಮುಂದಿನ ಸಭೆಗೆ ಊರವರು ಇಂಗ್ಲಿಷ್ ಬಲ್ಲ ವಕೀಲರನ್ನು ಕರೆಸಿದ್ದರು. ಅವರನ್ನು ಕೂರಿಸಿ ಸುಮಿತ್ರಾ ತಾನೇ ಎದ್ದಳು. ಅದೇ ಇಂಗ್ಲಿಷ್. ಅದೇ ಪ್ರಶ್ನೆ. ಮತ್ತೆ ಅದೇ ನಗು...

ನಾಚಿಕೆಯಾಗುತ್ತದೆ ಕೂತುಕೋ ಎಂದು ಹಿಂದಿನಿಂದ ಮುದುಕಿಯೊಬ್ಬಳು ಸೆರಗು ಜಗ್ಗಿದಳು.

ಸುಮಿತ್ರಾ ಕೂರಲಿಲ್ಲ.

"ನಗೂದು ಮುಗೀಲಿ. ನಾ ನಿಂತೇ ಇರ್ತೆ."

ನಗು ತಾನಾಗಿ ಅಡಗಿತು.

"ನನ್ನ ಇಂಗ್ಲಿಷ್ ಮುರುಕು, ಹೌದು. ಆದ್ರೆ ಕೇಳಿದ್ದು ನಿಮಗೆ ತಿಳೀತು. ತಿಳೀದೆ ಇದ್ರೆ ನಗು ಬರ್ತಿರ್ಲಿಲ್ಲ. ಈಗ ಉತ್ತರ ಹೇಳಿ."

ಅಧಿಕಾರಿ ಸುಮ್ಮನೆ ಕಾಗದ ಮಗುಚಿದರು.

ಆಗ ಸೆರಗು ಜಗ್ಗಿದ್ದ ಮುದುಕಿಯೇ ಮೊಣಕಾಲು ಹಿಡಿದುಕೊಂಡು ಎದ್ದಳು. ಜೀವಮಾನದಲ್ಲೇ ಇಂಗ್ಲಿಷ್ ಆಡಿದವಳಲ್ಲ. "ವೀ ಗೋ ವೇರ್?" ಎಂದಳು.

ಅವಳ ಪಕ್ಕದವಳು ಎದ್ದಳು... ಆಚೆಯವಳು... ಕೊನೆಗೆ ಹಿಂದಿನ ಸಾಲುಗಳೆಲ್ಲ ಎದ್ದು ನಿಂತು ಅದನ್ನೇ ಕೇಳತೊಡಗಿದವು.

ಬಾಗಿಲ ಬಳಿ ನಿಂತಿದ್ದ ಬೆನಿಟಾ ಟೀಚರ್ ಆ ವಾಕ್ಯವನ್ನು ತಿದ್ದಲಿಲ್ಲ. ಕಣ್ಣೊರೆಸಿಕೊಂಡು, ತಾವೂ ಹಾಗೆಯೇ ಕೂಗಿದರು.

ಕೊನೆಗೆ ಕಂಪನಿಯವರು ರೆಸಾರ್ಟಿನ ನಕ್ಷೆಯಿಂದ ಆ ಬಯಲನ್ನು ಕೈಬಿಟ್ಟರು. ಇವತ್ತಿಗೂ ಅಲ್ಲಿ ಮೀನು ಒಣಗುತ್ತದೆ.

*ನಿಮ್ಮ ವ್ಯಾಕರಣಕ್ಕೆ ನಗುವವರು, ಎಷ್ಟೋ ಸಲ ನಿಮ್ಮ ಪ್ರಶ್ನೆಗೆ ಹೆದರಿದವರು.*

ಯಾರೋ ನಕ್ಕರೆಂದು ನೀವು ನುಂಗಿಕೊಂಡ ಮಾತು ಯಾವುದು... ಅದನ್ನು ಇನ್ನೊಮ್ಮೆ ಎದ್ದು ನಿಂತು ಕೇಳುವುದು ಯಾವಾಗ?