ತುಪ್ಪಳವೂ ಬೇಡ, ಪುಕ್ಕವೂ ಬೇಡ

"ಬೆನ್ನುನೋವು ಅಂತ ಹೇಳ್ಬಿಡು, ಉಲ್ಯಾ. ಬೆನ್ನುನೋವು ಅಂದ್ರೆ ಯಾರೂ ತಕರಾರು ತೆಗೆಯಲ್ಲ," ಎಂದ ಸ್ಕೇಟಿಂಗ್ ಒಕ್ಕೂಟದ ಉಪಾಧ್ಯಕ್ಷ ಅರ್ಕಾದಿ ಲ್ವೋವಿಚ್. ಉಲ್ಯಾನಾ ಬೆಂಚಿನ ಮೇಲೆ ಕೂತು ಸ್ಕೇಟಿನ ಲೇಸು ಬಿಗಿಯುತ್ತಿದ್ದಳು. ಅವಳೂ ಅವಳ ಜೋಡಿ ಮಕಾರನೂ ಐಸಿಗೆ ಇಳಿಯಲು ಇನ್ನೊಂದೇ ಸರದಿ ಬಾಕಿ. ಇಂಥ ಹೊತ್ತಿನಲ್ಲಿ ಹೆತ್ತ ತಾಯಿಯೂ ಹತ್ತಿರ ಸುಳಿಯುವುದಿಲ್ಲ. ಆದರೆ ಒಕ್ಕೂಟದವರನ್ನು ತಡೆಯುವ ಬಾಗಿಲು ಎಲ್ಲಿದೆ? ನಾಚಿಕೆಯಂತೂ ಮೊದಲೇ ಇಲ್ಲ.

"ಯಾವ ಬೆನ್ನು? ನನ್ನ ಬೆನ್ನು ನೆಟ್ಟಗಿದೆಯಲ್ಲ."

"ಅದೇ ತಾನೇ ತೊಂದರೆ? ನೆಟ್ಟಗೆ ಉದ್ದಕ್ಕೆ ಬೆಳೀತಾನೇ ಇದೀಯ. ಪಾಪ, ಮಕಾರ್ ಎಷ್ಟು ಅಂತ ಎತ್ತುತ್ತಾನೆ? ನಾಳೆಯಿಂದ ಅವನಿಗೆ ಕಿರಾ ಜೋಡಿ. ಹದಿನೇಳಾದ್ರೂ ಗುಬ್ಬಚ್ಚಿ ಹಾಗಿದಾಳೆ. ಇವತ್ತೊಂದು ದಿನ ಬೀಳದೆ ಮುಗಿಸಿಕೊಡು. ಆಮೇಲೆ ಟೀವಿಯವರ ಮುಂದೆ ಎರಡು ಹನಿ ಕಣ್ಣೀರು ಹಾಕಿ, ಬೆನ್ನುನೋವು, ನಿವೃತ್ತಿ ಅಂದುಬಿಡು. ನಿನ್ನ ಮರ್ಯಾದೆಯೂ ಉಳೀತು, ನಮ್ಮದೂ ಉಳೀತು."

ಹತ್ತೊಂಬತ್ತಕ್ಕೆ ನಿವೃತ್ತಿ! ಅವಳ ಅಜ್ಜಿ ಅರವತ್ತೈದು ದಾಟಿದ ಮೇಲೂ ಪೆರ್ಮ್ ಊರಿನ ಟ್ರಾಮಿನಲ್ಲಿ ಟಿಕೆಟ್ ಹರಿಯುತ್ತಿದ್ದಾಳೆ. ಉಲ್ಯಾನಾ ಮಕಾರನತ್ತ ನೋಡಿದಳು. ಅವನು ಮೂಲೆಯಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು, ಗೋಡೆಗೆ ಮುಖ ಮಾಡಿ, ಮೈ ಬಿಸಿಯೇರಲೆಂದು ಹಗ್ಗ ಜಿಗಿಯುತ್ತಿದ್ದ. ಎಲ್ಲ ಮೊದಲೇ ಗೊತ್ತು ಎಂಬುದನ್ನು ಅವನ ಬೆನ್ನೇ ಹೇಳುತ್ತಿತ್ತು.

"ಹಾಗಾದ್ರೆ ನನ್ನನ್ನ ಬಿಟ್ಟುಬಿಡಿ," ಎಂದಳು. "ಹಂಗೇರಿಯವರು ಕೇಳ್ತಿದಾರೆ. ಅವರ ಹುಡುಗನಿಗೆ ಜೋಡಿ ಬೇಕಂತೆ. ನೀವು ಒಪ್ಪಿಗೆ ಕೊಟ್ರೆ ಮುಂದಿನ ಚಳಿಗಾಲಕ್ಕೇ ಅವರ ಕಡೆಯಿಂದ ಇಳೀತೀನಿ."

"ಅದು ಆಗದ ಮಾತು. ನಾವು ಮೇವು ಹಾಕಿ ಸಾಕಿದ ಹಸು ಪಕ್ಕದ ಮನೇಲಿ ಹಾಲು ಕೊಡೋದಾ?" ಅರ್ಕಾದಿ ನಕ್ಕ. "ಒಪ್ಪಿಗೆ ಇಲ್ಲದೆ ಹೋದ್ರೆ ಎರಡು ಚಳಿಗಾಲ ಸುಮ್ಮನೆ ಕೂತಿರಬೇಕು, ನಿಯಮ. ಅಷ್ಟರಲ್ಲಿ ನಿನ್ನನ್ನ ಯಾರು ಮೂಸಿ ನೋಡ್ತಾರೆ? ಬೆನ್ನುನೋವು ಅನ್ನು, ಇಲ್ಲೇ ಮಕ್ಕಳಿಗೆ ಕಲಿಸೋ ಕೆಲಸ ಕೊಡಿಸ್ತೀನಿ. ಅನ್ನಲ್ಲ ಅಂದ್ರೆ ಅದೂ ಇಲ್ಲ."

ತಾವೂ ಉಣ್ಣರು, ಉಣ್ಣುವವರಿಗೂ ಬಿಡರು. ಉಲ್ಯಾನಾಗೆ ಅಂಗಾಲಿನ ಉರಿ ನೆತ್ತಿಗೇರಿತು. ಪಕ್ಕದಲ್ಲೇ ಕೂತಿದ್ದ ರಿಮ್ಮಾ ಪಾವ್ಲೋವ್ನಾರತ್ತ ತಿರುಗಿದಳು. ಆರನೇ ವಯಸ್ಸಿನಿಂದ ಕಲಿಸಿದ ಗುರು. ಬೈಯಲು ನಿಂತರೆ ರಿಂಕಿನ ಗಾಜೆಲ್ಲ ನಡುಗಿಸುತ್ತಿದ್ದ ಹೆಂಗಸು, ಈಗ ಥರ್ಮಾಸಿನ ಮುಚ್ಚಳವನ್ನು ತಿರುಪುವುದು, ಬಿಚ್ಚುವುದು ಮಾಡುತ್ತಿದ್ದರು.

"ನೀವಾದ್ರೂ ಏನಾದ್ರೂ ಹೇಳಿ, ರಿಮ್ಮಾ ಪಾವ್ಲೋವ್ನಾ!"

"ಚಹಾ ಕುಡೀತೀಯಾ?" ಎಂದರು ಅವರು, ತಲೆ ಎತ್ತದೆ. ಆ ಚಹಾವನ್ನು ಯಾರ ತಲೆಯ ಮೇಲೆ ಮೊದಲು ಸುರಿಯಬೇಕು ಎಂಬುದೊಂದೇ ಉಲ್ಯಾನಾಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮುಂದಿನ ಜೋಡಿಯ ಹೆಸರು ಕೂಗಿದರು. "ತುಪ್ಪಳವೂ ಬೇಡ, ಪುಕ್ಕವೂ ಬೇಡ!" ಎಂದು ಅವರ ಕೋಚ್ ಹರಸಿದ. ಬೇಟೆಗಾರರ ಕಾಲದ ಮಾತು ಅದು: ಪ್ರಾಣಿಯೂ ಸಿಗದಿರಲಿ, ಹಕ್ಕಿಯೂ ಸಿಗದಿರಲಿ ಅಂತ. ಒಳ್ಳೆಯದಾಗಲಿ ಎಂದರೆ ದೃಷ್ಟಿ ತಾಗುತ್ತದೆಂದು ಹೀಗೆ ಉಲ್ಟಾ ಹರಸುತ್ತಾರೆ. ಅದಕ್ಕೆ ಥ್ಯಾಂಕ್ಸ್ ಅಂದರೆ ಕೆಟ್ಟಿತು. "ದೆವ್ವದ ಪಾಲಾಗು!" ಎಂದು ತಿರುಗಿ ಬೈಯಲೇಬೇಕು. ಆ ಹುಡುಗಿ ಕಿಲಕಿಲ ನಗುತ್ತ ಹಾಗೇ ಬೈದು ಐಸಿಗೆ ಹಾರಿದಳು. ಉಲ್ಯಾನಾಗೆ ಮಾತ್ರ ಚಿಕ್ಕಂದಿನಿಂದ ಅದು ಬಾಯಿಗೆ ಬರುತ್ತಿರಲಿಲ್ಲ. ದೊಡ್ಡವರಿಗೆ ಹಾಗೆನ್ನುವುದು ಹೇಗೆಂದು "ದೆವ್ವದ ಪಾಲಾಗಿ" ಎಂದು ಬಹುವಚನದಲ್ಲಿ ಗೊಣಗುತ್ತಿದ್ದಳು. "ದೆವ್ವಕ್ಕೆ ಕೊಡೋವಾಗ ಎಂಥ ಮರ್ಯಾದೆಯೇ? ಹೊಟ್ಟೆಯಿಂದ ಹೇಳು, ಇಲ್ದಿದ್ರೆ ಫಲಿಸಲ್ಲ!" ಎಂದು ರಿಮ್ಮಾ ಪ್ರತಿ ಸಲವೂ ಗದರುತ್ತಿದ್ದರು.

ಆ ಜೋಡಿಯ ಸರದಿ ಮುಗಿಯಿತು. ಈಗ ಇವರ ಹೆಸರು. ಮಕಾರ್ ಬಂದು ಎಂದಿನಂತೆ ಕೈಚಾಚಿದ. ಉಲ್ಯಾನಾ ಆ ಕೈಯನ್ನು ನೋಡದೆ, ಬಗ್ಗಿ ಬ್ಲೇಡಿನ ಕವಚ ಕಳಚಿ ಎದ್ದು ನಿಂತಳು. ಟೀವಿಯವರು ಮೈಕು, ಕ್ಯಾಮೆರಾ ಹಿಡಿದು ಹತ್ತಿರ ಬಂದರು. ಅರ್ಕಾದಿ ಕೋಟು ಸರಿಮಾಡಿಕೊಂಡು ಅವಳ ಹೆಗಲ ಮೇಲೆ ಕೈಯಿಟ್ಟ. "ನಿನ್ನ ಉತ್ತರ ಐಸಿನಿಂದ ಬಂದಮೇಲೆ ಹೇಳು," ಎಂದು ಕಿವಿಯಲ್ಲಿ ಉಸುರಿ, ಕ್ಯಾಮೆರಾದತ್ತ ಹಲ್ಲು ಬಿಟ್ಟು ಜೋರಾಗಿ ಹರಸಿದ: "ತುಪ್ಪಳವೂ ಬೇಡ, ಪುಕ್ಕವೂ ಬೇಡ, ಮಗಳೇ!"

ಸ್ಕೇಟು ಕಟ್ಟಿ ನಿಂತರೆ ಉಲ್ಯಾನಾ ಅವನಿಗಿಂತ ಗೇಣುದ್ದ ಎತ್ತರ. ಬೆಳೆದದ್ದೇ ತಪ್ಪೆಂದ ಮನುಷ್ಯ ಈಗ ಕತ್ತೆತ್ತಿ ನೋಡಬೇಕಾಯಿತು.

"ದೆವ್ವದ ಪಾಲಾಗು, ಅರ್ಕಾದಿ ಲ್ವೋವಿಚ್!" ಮುಂದಿನ ಸಾಲುಗಳಲ್ಲಿ ಕೂತವರೆಲ್ಲ ತಿರುಗಿ ನೋಡಿದರು. "ನೀನೂ, ನೀನು ಹುಟ್ಟಿಸಿದ ಬೆನ್ನುನೋವೂ! ಎರಡಲ್ಲ, ನಾಲ್ಕು ಚಳಿಗಾಲ ಬೇಕಾದ್ರೂ ಕೂತೇನು!"

ಸಂಪ್ರದಾಯವಲ್ಲವೇ, ಅರ್ಕಾದಿ ನಕ್ಕ. ಎದುರಿಗೆ ಕ್ಯಾಮೆರಾ ಬೇರೆ, ನಗದೆ ಏನು ಮಾಡಿಯಾನು? ಆದರೆ ಆ ನಗು ಗಂಟಲಿನ ಮೀನುಮುಳ್ಳಿನ ಹಾಗೆ ಅರ್ಧಕ್ಕೇ ಸಿಕ್ಕಿಕೊಂಡಿತು.

ರಿಮ್ಮಾ ಪಾವ್ಲೋವ್ನಾ ಥರ್ಮಾಸನ್ನು ಬೆಂಚಿನ ಮೇಲೆ ಕುಕ್ಕಿ ಎದ್ದು ಬಂದರು. ಉಲ್ಯಾನಾಳ ಕೈಯಿಂದ ಬ್ಲೇಡಿನ ಕವಚಗಳನ್ನು ಇಸಿದುಕೊಂಡು, ಮೈಕಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು:

"ಇಷ್ಟು ವರ್ಷಕ್ಕೆ ಇವತ್ತು ಹೊಟ್ಟೆಯಿಂದ ಬಂತು ನೋಡು. ಇದು ಫಲಿಸುತ್ತೆ."