ಅಕ್ಕೋರಿಗೆಂದು ಕಟ್ಟಿಸಿದ ಕೋಣೆ

ಇವತ್ತೂ ಹೋದರು! ರಾಮಲಿಂಗಪ್ಪ ಮಗ್ಗದ ಕೋಣೆಯ ಕಿಟಕಿಯಲ್ಲಿ ನಿಂತು ಕಣ್ಣಾರೆ ಕಂಡ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಮುಂದೆ ಅವನ ಹೆಂಡತಿ ಮುತ್ತವ್ವ, ಹಿಂದೆ ನಾರ್ವೆ ದೇಶದ ಟೀಚರು ಮಾರಿಟ್ ಅಕ್ಕೋರು. ಇಬ್ಬರ ಕೈಯಲ್ಲೂ ನೀರು ತುಂಬಿದ ಚರಗಿ. ಹಿತ್ತಲು ದಾಟಿ ಜಾಲಿ ಕಂಟಿಗಳ ಕಡೆ ನಡೆದೇಬಿಟ್ಟರು.

ಹಿತ್ತಲಲ್ಲೇ ಹೊಸ ಪಾಯಖಾನೆ ಇತ್ತಲ್ಲ! ಗೋಡೆಗೆ ಬಿಳಿ ಸುಣ್ಣ, ನೆಲಕ್ಕೆ ನುಣುಪಾದ ಪರ್ಸಿ ಕಲ್ಲು, ಬಾಗಿಲಿಗೆ ಹಸಿರು ಬಣ್ಣ. ಹೊಸದೇನೇ ಬಂದರೂ ಪೂಜೆ ಮಾಡದೆ ಬಳಸುವ ಮನೆತನ ಅವನದಲ್ಲ. ಗೌಂಡಿ ಕೆಲಸ ಮುಗಿಸಿದ ದಿನವೇ ಬಾಗಿಲಿಗೆ ವಿಭೂತಿ ಎಳೆದು, ಚೆಂಡು ಹೂವಿನ ಮಾಲೆ ಇಳಿಬಿಟ್ಟು, ಕಾಯಿ ಒಡೆಸಿದ್ದ. ಮರುದಿನ ಅಕ್ಕೋರು ಬಂದರು. ಅವರು ಬಂದು ಹತ್ತು ದಿನವಾಗಿತ್ತು. ಒಳಗಿನ ಪರ್ಸಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ.

ಅದು ೧೯೯೯ನೇ ಇಸವಿ. ಬನಹಟ್ಟಿಯ ಶಾಲೆಯೊಂದರ ಕಮಿಟಿಯವರು ಇಂಗ್ಲಿಷ್ ಕಲಿಸಲು ಒಂದು ವರ್ಷದ ಮಟ್ಟಿಗೆ ಮಾರಿಟ್ ಅವರನ್ನು ಕರೆಸಿದ್ದರು. ವಾರದಲ್ಲಿ ಮೂರು ದಿನ ಇಲ್ಲಿ ಪಾಠ. ಉಳಿದ ದಿನ ಕೆಂಪು ಬಸ್ಸು ಹತ್ತಿ ಜಮಖಂಡಿ, ಮುಧೋಳ, ಬೀಳಗಿ ಸುತ್ತಿ ಅಲ್ಲಿಯ ಮಾಸ್ತರರಿಗೆ ಪಾಠ. ಬರುವ ಮೊದಲೇ ಪುಸ್ತಕ ಹಿಡಿದು ಕನ್ನಡ ಕಲಿತಿದ್ದರಂತೆ. ಅವರನ್ನು ತನ್ನ ಮನೆಯಲ್ಲಿ ಉಳಿಸಿಕೊಳ್ಳಲು ನೂಲಿನ ವ್ಯಾಪಾರಿ ವಿಠೋಬಾ ತುದಿಗಾಲಲ್ಲಿ ನಿಂತಿದ್ದ. ನೇಕಾರ ಓಣಿಯ ಮಾನದ ಪ್ರಶ್ನೆ ಎಂದು ರಾಮಲಿಂಗಪ್ಪ ಹಟ ಹಿಡಿದ. ಕಮಿಟಿಯವರದು ಒಂದೇ ಷರತ್ತು: ಮನೆಯಲ್ಲಿ ಪಾಯಖಾನೆ ಇರಬೇಕು. ಎದ್ದುಬಿದ್ದು ಕಟ್ಟಿಸಿದ್ದ.

ಈಗ ನೋಡಿದರೆ ಹೀಗೆ. ಮುತ್ತವ್ವ ಬಯಲಿಗೆ ಹೋಗುವುದು ಇದ್ದದ್ದೇ ಬಿಡಿ, ಓಣಿಯ ಹೆಂಗಸರೆಲ್ಲ ಹೋಗುವವರೇ. ಆದರೆ ಅಷ್ಟು ದೂರದಿಂದ ಬಂದ ಅತಿಥಿ ಕಂಟಿ ಮರೆಯಲ್ಲಿ ಕೂರುವುದೆಂದರೆ? ನೆನೆಸಿಕೊಂಡರೆ ಅವನ ಕಿವಿ ಬಿಸಿಯಾಗುತ್ತಿತ್ತು.

ಚಹದಂಗಡಿಯಲ್ಲಿ ವಿಠೋಬಾ ಎಲ್ಲರೆದುರಿಗೇ ಕೇಳಿದ್ದ. "ಏನ್ರಿ ರಾಮಲಿಂಗಪ್ಪ, ಫಾರೇನ್ ಅಕ್ಕೋರ ಕೈಯಾಗ ಚರಗಿ ಕೊಟ್ಟು ಕಳಸಾಕತ್ತೀರಂತ?"

ರಾಮಲಿಂಗಪ್ಪ ಅರ್ಧ ಕಪ್ಪು ಚಹಾ ಅಲ್ಲೇ ಬಿಟ್ಟು ಎದ್ದು ಬಂದಿದ್ದ. ಆವತ್ತಿನಿಂದ ಸಂದಿಯ ದಾರಿ ಹಿಡಿದೇ ಓಡಾಟ.

ಅಕ್ಕೋರನ್ನೇ ಕೇಳೋಣವೆಂದರೆ, ಇಂಥ ಮಾತನ್ನು ಪರ ಹೆಣ್ಣುಮಗಳ ಮುಂದೆ ಗಂಡಸು ಎತ್ತುವುದು ಹೇಗೆ? ನಿನ್ನೆಯಂತೂ ಇನ್ನೂ ಕೆಟ್ಟದ್ದನ್ನು ಕಂಡಿದ್ದ. ಮುಧೋಳದ ಬಸ್ಸಿಗೆ ಹೊರಟವರು ಹಸಿರು ಬಾಗಿಲ ಮುಂದೆ ಚಪ್ಪಲಿ ಕಳಚಿ, ಎರಡೂ ಕೈ ಜೋಡಿಸಿ, ತಲೆ ಬಾಗಿಸಿ ಹೋದರು. ಅಣಕವಲ್ಲದೆ ಇನ್ನೇನು? ಬಡವ ಕಟ್ಟಿಸಿದ್ದೆಂದರೆ ಅಷ್ಟು ಸಸಾರವೆ?

ಅವನು ಅಡುಗೆ ಮನೆಗೆ ನುಗ್ಗಿದ್ದ. "ಲೇ, ಅದು ಏನಂತ ಅಕ್ಕೋರಿಗೆ ಹೇಳಿಯಿಲ್ಲೊ?"

"ಬಂದ ದಿನಾನ ಹೇಳೇನ್ರಿ," ಅಂದಳು ಮುತ್ತವ್ವ.

"ಏನಂದ್ರು?"

"ಭಾಳ ಛಲೋ ಐತಿ ಅಂದ್ರು."

"ಮತ್ತ ಯಾಕ ಒಳಗ ಹೋಗವಲ್ರು?"

"ಯಾರೂ ಕಾಲಿಡಬ್ಯಾಡ್ರಿ ಅಂತ ನೀವ ಅಂದಿದ್ರೆಲ್ಲಾ."

"ಅದು ನಿಮಗ ಅಂದದ್ದು! ನಿನಗ, ಸ್ನೇಹಾಗ. ಅಕ್ಕೋರಿಗೆ ಅಂದೇನೇನು?"

ಮುತ್ತವ್ವ ರೊಟ್ಟಿ ಬಡಿಯತೊಡಗಿದಳು. ಹದಿನಾಲ್ಕರ ಮಗಳು ಸ್ನೇಹಾ ತಾಯಿಯ ಮುಖ ನೋಡಿ, ತಲೆ ತಗ್ಗಿಸಿ ಒಲೆಗೆ ಕಟ್ಟಿಗೆ ಒಟ್ಟಿದಳು.

ಭಾನುವಾರ ಕಮಿಟಿಯ ಪ್ರಭುಲಿಂಗ ಬಂದೇ ಬಂದರು. ಹಿಂದೆ ವಿಠೋಬಾ ಇದ್ದೇ ಇದ್ದ. ಅಕ್ಕೋರು ಈ ಮನೆ ಬಿಡುತ್ತೇನೆಂದರೆ ಮುಗಿಯಿತು, ಓಣಿಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ. ರಾಮಲಿಂಗಪ್ಪ ಚಾಪೆಯನ್ನು ಎರಡೆರಡು ಸಲ ಕೊಡವಿ ಹಾಸಿದ.

"ಅಕ್ಕೋರ, ಇಲ್ಲಿ ಏನರ ಅಡಚಣಿ ಐತೇನ್ರಿ?" ಪ್ರಭುಲಿಂಗ ಕೇಳಿದರು.

"ಏನೂ ಇಲ್ರಿ. ಮುತ್ತಕ್ಕ ಭಾಳ ಛಲೋ ನೋಡ್ಕೊಂತಾರ."

ವಿಠೋಬಾ ಮೀಸೆಯಲ್ಲೇ ನಕ್ಕ. "ನಮ್ಮನ್ಯಾಗ ಸಂಡಾಸ ಐತ್ರಿ, ಅಕ್ಕೋರ."

ಅಷ್ಟು ಸಾಕಾಯಿತು. ರಾಮಲಿಂಗಪ್ಪನ ನಾಚಿಕೆ, ಸಂಕೋಚದ ಕಟ್ಟೆಯೊಡೆಯಿತು. "ನಮ್ಮನ್ಯಾಗೂ ಐತಿ! ಅಕ್ಕೋರ, ಕೈ ಮುಗೀತೇನ್ರಿ. ನಿಮಗಂತನ ಕಟ್ಟಿಸೇನಿ. ಅದರಾಗ ಏನ ಕಮ್ಮಿ ಕಂಡ್ರಿ? ಯಾಕ ಹಿಂಗ ನನ್ನ ಮಾನ ಕಳೀತೀರಿ?" ಎಂದವನೇ ಹಿತ್ತಲಿನ ಹಸಿರು ಬಾಗಿಲತ್ತ ಕೈ ತೋರಿದ.

ಅಕ್ಕೋರು ಅತ್ತ ನೋಡಿದರು. ಬೆಳ್ಳನೆಯ ಮುಖ ಕೆಂಪೇರಿತು. "ಅಯ್ಯೋ! ಅದು ದೇವರ ಮನಿ ಅಲ್ಲೇನ್ರಿ? ಮನಿ ಹೆಣ್ಮಕ್ಕಳಿಗೂ ಒಳಗ ಬಿಡಂಗಿಲ್ಲ, ಹೊರಗ ನಿಂತು ಕೈ ಮುಗೀರಿ ಅಂತ ನನಗ ಹೇಳ್ಯಾರಲ್ರಿ."

ವಿಠೋಬಾ ಬಿದ್ದು ಬಿದ್ದು ನಕ್ಕ. ಪ್ರಭುಲಿಂಗ ರುಮಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ರಾಮಲಿಂಗಪ್ಪನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

"ಯಾರ... ಯಾರ ಹೇಳಿದ್ರಿ ಹಂಗಂತ?"

ಚಹಾದ ಕಪ್ಪು ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಮುತ್ತವ್ವ ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡಳು.

"ನಾನ ಹೇಳೇನ್ರಿ. ಹದಿನೆಂಟು ವರ್ಷ ನಾ ಚರಗಿ ಹಿಡಿದು ಹ್ವಾದೆ, ನಿಮಗ ಒಂದ ದಿನ ನಾಚಿಕಿ ಬರಲಿಲ್ಲ. ಅಕ್ಕೋರು ಹ್ವಾದ್ರರ ಬರತೈತೇನೋ ನೋಡೂಣು ಅಂದೆ."