ಏಳು ಮಗ್ಗುಲಿನ ಮನೆ

“ಇದಕ್ಕೆ ಏಳು ಮಗ್ಗುಲು ಯಾಕೆ ಮಗಾ?” ಊಟದ ಮೇಜಿನ ಮೇಲಿದ್ದ ಥರ್ಮೊಕೋಲ್ ಮನೆಯನ್ನು ತನಿಯಪ್ಪ ಬಗ್ಗಿ ನೋಡಿದರು. ಅವರು ರಿತೇಶನ ಸೋದರಮಾವ, ಕುಟುಂಬದ ಯಜಮಾನ. ದೋಹಾದಲ್ಲಿರುವ ತಮ್ಮ ಮಗನನ್ನು ನೋಡಲು ಬಂದವರು, ತುಳುನಾಡಿನ ಊರಿನಲ್ಲಿ ನಡೆಯಲಿರುವ ಕುಟುಂಬದ ದೈವದ ಉತ್ಸವ, ಅಂದರೆ ನೇಮಕ್ಕೆ ಕರೆಯಲೆಂದು ಈ ಶುಕ್ರವಾರ ಅಲ್ ಮುಂತಜಾ ಬಡಾವಣೆಯ ರಿತೇಶನ ಫ್ಲ್ಯಾಟಿಗೆ ಬಂದಿದ್ದರು.

“ಚೆರೋಕೀ ಜನರ ಸಭೆಯ ಮನೆ ಅಜ್ಜ. ನನ್ನ ಸ್ಕೂಲ್ ಪ್ರಾಜೆಕ್ಟ್. ಅಮೆರಿಕಕ್ಕೆ ಬಿಳಿಯರು ಬರುವ ಮೊದಲೇ ಅವರು ಅಲ್ಲಿದ್ದರು. ಏಳು ಕುಲ, ಒಂದೊಂದಕ್ಕೆ ಒಂದು ಸೈಡ್.” ರಿತೇಶನ ಮಗಳು ನಿಶ್ಮಿತಾ ಪ್ರತಿ ಮಗ್ಗುಲಲ್ಲೂ ಒಂದು ಮಣ್ಣಿನ ಗೊಂಬೆ ಕೂರಿಸಿದ್ದಳು. “ಕುಲ ಅಮ್ಮನಿಂದ ಬರೋದು. ಮನೆ, ಹೊಲ ಎಲ್ಲ ಲೇಡೀಸ್‌ದು. ಮಕ್ಕಳಿಗೆ ಬುದ್ಧಿ ಹೇಳೋದು ಅಮ್ಮನ ಅಣ್ಣ.”

“ನಮ್ಮ ಹಾಗೆಯೇ ಅಲ್ಲವಾ!” ತನಿಯಪ್ಪ ತೊಡೆ ತಟ್ಟಿದರು. “ನಮ್ಮ ಅಳಿಯಕಟ್ಟಿನಲ್ಲಿಯೂ ಕುಲ ತಾಯಿಯದ್ದೇ. ನಿನ್ನ ಅಪ್ಪನನ್ನು ಶಾಲೆಗೆ ಸೇರಿಸಿದ್ದು ಯಾರು, ಕೇಳು. ನಾನು. ಇಲ್ಲಿಗೆ ವೀಸಾ ಮಾಡಿಸಿಕೊಟ್ಟದ್ದೂ ನಾನೇ.”

ರಿತೇಶ ನಕ್ಕು ತಲೆಯಾಡಿಸಿದ.

“ಆದರೆ ಬಿಳಿಯರು ಬಂದು ಗಂಡಸರ ಹತ್ತಿರ ಮಾತ್ರ ಮಾತಾಡಿದರು. ಆಮೇಲೆ ಅಪ್ಪನ ಆಸ್ತಿ ಮಗನಿಗೆ ಅಂತ ಹೊಸ ಕಾನೂನು ಬಂತು,” ಎಂದಳು ನಿಶ್ಮಿತಾ.

“ಪಾಪ,” ಎಂದರು ತನಿಯಪ್ಪ.

ನಿಶ್ಮಿತಾ ಅವರ ಪಕ್ಕಕ್ಕೆ ಬಂದು ನಿಂತಳು. ನೇಮಕ್ಕೆಂದೇ ಅವಳು ರೇಷ್ಮೆ ಲಂಗ ಹೊಲಿಸಿಕೊಂಡಿದ್ದಳು. “ದೈವ ನಮ್ಮ ಫ್ಯಾಮಿಲಿಯವರನ್ನೆಲ್ಲ ಹೆಸರು ಹಿಡಿದು ಕರೆದು ಪ್ರಸಾದ ಕೊಡ್ತದಂತೆ. ನನ್ನನ್ನೂ ಕರೀತದಾ ಅಜ್ಜ?”

ತನಿಯಪ್ಪ ಚಹಾದ ಲೋಟ ಕೆಳಗಿಟ್ಟರು. “ನೀನು ಬಾ. ನೋಡು, ಊಟ ಮಾಡು. ಕರೆಯಲಿಕ್ಕೆ ಆಗುವುದಿಲ್ಲ ಮಗಾ. ನೀನು ತಾಯಿ ಕಡೆಯವಳು.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ರಿತೇಶನ ಹೆಂಡತಿ, ಬಾಗಲಕೋಟೆಯ ಶಿಲ್ಪಶ್ರೀ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಮಾವಾರ, ನಮ್ಮ ಕಡೆ ಕುಲ ಅಪ್ಪಂದರೀ. ಈಕಿಗೆ ಲಿಂಗ ಕಟ್ಟಸ್ರಿ ಅಂದ್ರ ನಮ್ಮಪ್ಪ ಏನಂದ ಗೊತ್ತೈತೇನು? ‘ಆಕಿ ಅವರ ಮನಿ ಕೂಸು’ ಅಂದ. ಹಂಗಾರ ಈಕಿ ಯಾರಾಕಿ?”

“ನಾನು ಎಂತ ಮಾಡುವುದು? ಅದು ಹಿಂದಿನಿಂದ ಬಂದ ಕಟ್ಟು.”

“ಹೆದ್ದಾರಿ ಬಾಜೂ ಕುಟುಂಬದ ಜಾಗಾ ನಿಮ್ಮ ತಂಗಿಗೆ, ಇವರ ಅವ್ವಗ ಕೊಡದ, ನಿಮ್ಮ ಮಕ್ಕಳ ಹೆಸರಿಗೆ ಮಾಡೂಮುಂದ ಈ ಕಟ್ಟು ಎಲ್ಲಿತ್ರೀ?”

“ಅದು ಕಾನೂನು ಮಾರಾಯ್ತಿ. ಇದು ದೈವದ ವಿಷಯ. ಎರಡನ್ನೂ ಕಲಸಬಾರದು.”

“ಶಿಲ್ಪಾ,” ಎಂದ ರಿತೇಶ.

ನಿಶ್ಮಿತಾ ಮೇಜಿನ ಹತ್ತಿರ ಹೋಗಿ, ಉಳಿದಿದ್ದ ಮಣ್ಣನ್ನು ನಾದತೊಡಗಿದಳು. “ಅಜ್ಜ, ಅಪ್ಪ ಚೆರೋಕೀ, ಅಮ್ಮ ಬಿಳಿಯವಳು ಆದರೆ ಅವರ ಮಕ್ಕಳಿಗೆ ಕುಲಾನೇ ಇರ್ತಿರಲಿಲ್ಲ. ಅವರನ್ನ ಯಾರಾದರೂ ಕೊಂದರೆ ಕೇಳೋದಕ್ಕೂ ಕುಲದವರು ಅಂತ ಯಾರೂ ಬರ್ತಿರಲಿಲ್ಲ.”

“ಛೆ, ಛೆ! ಒಳ್ಳೆಯ ಕೆಲಸಕ್ಕೆ ಕರೆಯಲಿಕ್ಕೆ ಬಂದಾಗ ಎಂತ ಮಾತು ಅದು!” ತನಿಯಪ್ಪ ಎದ್ದು ಚಪ್ಪಲಿ ಹುಡುಕಿದರು. ಊಟಕ್ಕೆ ನಿಲ್ಲಲಿಲ್ಲ.

ರಿತೇಶ ಲಿಫ್ಟಿನವರೆಗೆ ಹೋದ. “ನೀನು ಮಾತ್ರ ತಪ್ಪಿಸಬೇಡ,” ಎಂದರು ಮಾವ, ಅವನ ಹೆಗಲ ಮೇಲೆ ಕೈಯಿಟ್ಟು. “ನಿನ್ನ ಹೆಸರು ಕರೆಯುವಾಗ ಜನ ಇಲ್ಲ ಅಂತ ಆಗಬಾರದು.”

“ಆಯಿತು ಮಾವ.”

ಫ್ಲ್ಯಾಟಿನ ಬಾಗಿಲು ತೆರೆದೇ ಇತ್ತು. ಅವನು ಹಿಂತಿರುಗಿದಾಗ ಥರ್ಮೊಕೋಲ್ ಮನೆಯ ಹೊಸ್ತಿಲಿನ ಹೊರಗೆ ಎರಡು ಹಸಿ ಗೊಂಬೆಗಳು ನಿಂತಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಮೂರನೆಯದು ನಿಶ್ಮಿತಾಳ ಅಂಗೈಯಲ್ಲಿತ್ತು. ಅವಳು ತಲೆಯೆತ್ತಿ ಕೇಳಿದಳು:

“ಪಪ್ಪ, ನಿಮ್ಮದನ್ನ ಒಳಗೇ ಇಡಲಾ?”